ಗಾಳಿ ಕೇಳಿದ ಅಡಿವೆಪ್ಪ

ಬರ್ರಿ, ಇತ್ತಾಗ ಸರದು ಕೂಡ್ರಿ. ನಗು ಬಂದ್ರ ನಗ್ರಿ, ತಡಕೊಳ್ಳಾಕ ಹೋಗಬ್ಯಾಡ್ರಿ. ಆದ್ರ ಅಡಿವೆಪ್ಪನ ಮ್ಯಾಲ ಮಾತ್ರ ಸಿಟ್ಟಾಗಬ್ಯಾಡ್ರಿ. ಅವ ಯಾರ ಮ್ಯಾಲೂ ಸಿಟ್ಟಾದವನಲ್ಲ.

ಹುಬ್ಬಳ್ಳಿ ಬೈಪಾಸಿನ ಮಗ್ಗಲಕ್ಕ ಲಾರಿ ನಿಲ್ಲೂ ಒಂದು ಬಯಲು. ಬಯಲಿನ ಅಂಚಿಗೆ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಾಗ ಸಾವಂತ್ರೆವ್ವ ಡ್ರೈವರಗಳಿಗೆ ರೊಟ್ಟಿ ಬಡದು ಹಾಕ್ತಿದ್ಲು. ಗಂಡ ತೀರಿಕೊಂಡು ಬಾಳ ವರ್ಷ ಆಗಿತ್ತು. ಇದ್ದವ ಒಬ್ಬನೇ ಮಗ, ಅಡಿವೆಪ್ಪ. ಮೂವತ್ತೆರಡು ವರ್ಷದವ. ಆಳು ನೋಡಿದ್ರ ಬಾಗಿಲದಾಗ ಬಗ್ಗಿ ಬರಬೇಕು, ಅಷ್ಟು ಎತ್ತರ, ಮ್ಯಾಲ ದಪ್ಪ ಮೀಸಿ. ಮನಸ್ಸು ಮಾತ್ರ ಹಸುಗೂಸಿಂದು. ನೀವು ಏನು ಅಂದ್ರಿ, ಅದನ್ನೇ ಮಾಡ್ತಿದ್ದ. ನೀವು ಏನು ಅಂದುಕೊಂಡ್ರಿ ಅನ್ನೂದು ಅವಗ ತಿಳೀತಿರಲಿಲ್ಲ.

"ಅಡಿವೆಪ್ಪಾ, ಹಾಲು ಉಕ್ಕಿದ್ರ ಹೇಳಪಾ" ಅಂದ್ಲು ಅವ್ವ.

ಹಾಲು ಉಕ್ಕಿತು. ಒಲಿ ಆರಿತು. ಹೊಗಿ ಎದ್ದಿತು. ಆವಾಗ ಬಂದು, "ಅವ್ವಾ, ಉಕ್ಕಿತು" ಅಂದ.

"ಅಯ್ಯ ನನ್ನ ಕರ್ಮ! ಉಕ್ಕೂಕಿಂತ ಮೊದಲ ಹೇಳಬೇಕೋ!"

"ಹೂಂ ಅವ್ವಾ."

ಮರುದಿನ ಹಾಲಿನವ ಇನ್ನೂ ಸೈಕಲ್ ಇಳದಿಲ್ಲ, ಅಡಿವೆಪ್ಪ ಓಡಿ ಬಂದ. "ಅವ್ವಾ, ಅವ್ವಾ! ಇನ್ನೂ ಉಕ್ಕಿಲ್ಲ!"

ಸಾವಂತ್ರೆವ್ವ ತಲಿ ತಲಿ ಬಡಕೊಂಡ್ಲು. "ಹಾಲಿನ ಉಸಾಬರಿ ಬ್ಯಾಡ ನಿನಗ. ಹೊರಗ ಹೋಗಿ ಕುಂಡ್ರು. ಲಾರಿ ಬಂದ್ರ ಒಂದು ಕೂಗು ಹಾಕು."

ಬೈಪಾಸಿನ ಮ್ಯಾಲ ಲಾರಿಗೇನು ಬರಗಾಲ? ಒಂದು ಬಂತು, ಕೂಗಿದ. ಎರಡು ಬಂದ್ವು, ಕೂಗಿದ. ಮಂಗಳೂರಿಗೆ ಹೋಗೂವು, ಪುಣೆಕ್ಕ ಹೋಗೂವು, ಒಂದನ್ನೂ ಬಿಡಲಿಲ್ಲ. ಮಧ್ಯಾಹ್ನದೊಳಗ ಗಂಟಲು ಬಿದ್ದು ಹೋತು. ಬರೇ ಬಾಯಿ ತೆರದು ಮುಚ್ಚಾಕತ್ತಿದ್ದ, ಸ್ವರ ಇಲ್ಲ.

ಅವತ್ತು ಬಿಸಿನೀರಿಗೆ ಉಪ್ಪು ಹಾಕಿ ಕುಡಿಸಿಕೋತ ಸಾವಂತ್ರೆವ್ವ ಅತ್ಲು. "ನಾ ಇರೂತನಕ ಹೇಳ್ತೀನಿ. ನಾ ಹೋದ್ರ ನಿನಗ ಯಾರು ಹೇಳ್ತಾರೋ ಮಗನ?"

ಅಡಿವೆಪ್ಪ ಬಾಳ ಹೊತ್ತು ವಿಚಾರ ಮಾಡಿದ. ಸ್ವರ ಇಲ್ಲದ ಗಂಟಲಾಗ ಕೇಳಿದ, "ಏನು ಹೇಳ್ತಾರ ಅವ್ವಾ?"

ಸಾವಂತ್ರೆವ್ವನ ಅಳು ಆಚೆ ಬಾಕಿನ ಮ್ಯಾಲ ಉಣ್ಣಾಕತ್ತಿದ್ದ ದಸ್ತಗೀರನ ಕಿವಿಗೆ ಬಿತ್ತು. ದಸ್ತಗೀರ ಅಂದ್ರ ಹತ್ತು ಗಾಲಿ ಲಾರಿ ಡ್ರೈವರ. ಹತ್ತೊಂಬತ್ತು ವರ್ಷದಿಂದ ಸಾವಂತ್ರೆವ್ವನ ರೊಟ್ಟಿ ಉಂಡವ. ಅವನ ಕ್ಲೀನರ ಹೋದ ತಿಂಗಳು ಲೈಸನ್ಸ ತಗೊಂಡು ತಾನೇ ಡ್ರೈವರ ಆಗಿ ಹೋಗಿಬಿಟ್ಟಿದ್ದ. ಕೈ ತೊಳಕೊಂಡು ಬಂದು ಹೇಳಿದ, "ಅಕ್ಕಾ, ಅಳಬ್ಯಾಡ. ನನ್ನ ಸಂಗಾಟ ಕಳಸು. ಒಂದು ಟ್ರಿಪ್ ನೋಡೂನು."

"ಇವನ್ನೇನು ದಸ್ತಗೀರಣ್ಣಾ? ನಿನಗ ಗೊತ್ತಿಲ್ಲೇನು ಇವ ಹೆಂಗ ಅಂತ?"

"ಗೊತ್ತೈತಿ. ಸುಳ್ಳು ಹೇಳಂಗಿಲ್ಲ, ಕುಡಿಯಂಗಿಲ್ಲ, ಹೇಳಿದ್ದು ಮಾಡ್ತಾನ. ಇಂಥಾ ಕ್ಲೀನರ ಎಲ್ಲಿ ಸಿಗತಾನ?"

ಸಾವಂತ್ರೆವ್ವ ಮಗನ ಅಂಗಿ ಗುಂಡಿ ಹಾಕಿ, ತಲಿ ಬಾಚಿ ಕಳಿಸಿದ್ಲು. "ಚಾಚಾ ಹೇಳಿದಷ್ಟು ಮಾಡಪಾ. ನಿಂದು ಅಂತ ಒಂದೂ ಸೇರಸಬ್ಯಾಡ."

"ಹೂಂ ಅವ್ವಾ."

ಲಾರಿಯೊಳಗ ಹದಿನಾರು ಟನ್ ಕಲ್ಲಿನ ಚಪ್ಪಡಿ. ಹೋಗಬೇಕಾದದ್ದು ಅರಬೈಲ್ ಘಟ್ಟ ಇಳದು ಕಡಲ ಕಡೆಗೆ. ಹೊರಡೂ ಮುಂದ ದಸ್ತಗೀರ ಅವನ್ನ ಸ್ಟೇರಿಂಗಿನ ಮುಂದ ಕುಂದರಸಿಕೊಂಡು ಒಂದು ಗಡಿಯಾರದಂಥಾದ್ದು ತೋರಿಸಿದ.

"ನೋಡಪಾ, ಈ ಗಾಡಿ ಬ್ರೇಕು ನಡಿಯೂದು ಗಾಳಿ ಮ್ಯಾಲ. ಎಂಜಿನ್ನು ಗಾಳಿ ತುಂಬತೈತಿ, ಕೆಳಗಿನ ಟ್ಯಾಂಕಿ ಅದನ್ನ ಹಿಡದಿಟ್ಟುಕೋತೈತಿ. ನಾ ಪೆಡಲ್ ತುಳದ್ರ ಗಾಳಿ ಪೈಪಿನಾಗ ಓಡಿ ಹೋಗಿ ಗಾಲಿ ಹಿಡೀತೈತಿ. ಎಷ್ಟು ಗಾಳಿ ಐತಿ ಅಂತ ಈ ಮುಳ್ಳು ಹೇಳ್ತೈತಿ. ಗಾಳಿ ಹೋತು ಅಂದ್ರ ಬ್ರೇಕ ಹೋತು. ಬ್ರೇಕ ಹೋತು ಅಂದ್ರ?"

"ಬ್ರೇಕ ಹೋತು" ಅಂದ ಅಡಿವೆಪ್ಪ.

"ನಾವೂ ಹೋದ್ವಿ!"

"ಎಲ್ಲಿಗೆ ಚಾಚಾ?"

ದಸ್ತಗೀರ ಉಸುರು ಬಿಟ್ಟು ಎಂಜಿನ್ನು ಬಂದ್ ಮಾಡಿದ. ಮುಳ್ಳು ಎಂಟರ ಮ್ಯಾಲ ಇತ್ತು. ನಿಂತಲ್ಲೇ ನಿಲ್ಲಬೇಕಾದದ್ದು ಮೆಲ್ಲಕ ಏಳೂವರಿಗೆ ಜಾರಿತು. "ಎಲ್ಲೋ ಗಾಳಿ ಸೋರಾಕತ್ತೈತಿ. ಇಳಿ ಕೆಳಗ. ಗಾಡಿ ಸುತ್ತ ಹೋಗಿ, ಒಂದೊಂದು ಗಾಲಿ ಹತ್ರ ನಿಂತು ಕೇಳು."

ಅಡಿವೆಪ್ಪ ಇಳದ. ಮೊದಲನೇ ಗಾಲಿ ಮುಂದ ಕುಂತ. ಕೈ ಮುಗದು ಕೇಳಿದ, "ಸೋರಾಕತ್ತೀಯೇನವಾ?"

ಗಾಲಿ ಸುಮ್ಮನಿತ್ತು.

ಎರಡನೇ ಗಾಲಿ ಮುಂದ ಕುಂತ. "ನೀನೇನವಾ ಸೋರಾಕತ್ತೀ? ಹೇಳವಾ, ಚಾಚಾ ಬೈಯಂಗಿಲ್ಲ."

ಹಿಂಗ ಒಂಬತ್ತು ಗಾಲಿ ಕೇಳಿದ. ಹತ್ತನೇದು ಕೇಳಿದ. ತಿರುಗಿ ಬಂದು ಕಿಟಕಿ ಕೆಳಗ ನಿಂತ.

"ಕೇಳಿದೇನೋ?" ಅಂದ ದಸ್ತಗೀರ.

"ಎಲ್ಲಾರನ್ನೂ ಕೇಳಿದೆ ಚಾಚಾ. ಒಬ್ಬರೂ ಒಪ್ಪವಲ್ಲರು."

"ಏನಂದಿ?"

"ಒಂಬತ್ತು ಮಂದಿ ಮಾತಾಡಲೇ ಇಲ್ಲ. ಹಿಂದಿನ ಎಡಗಡೆದು ಮಾತ್ರ 'ಶ್ಶ್ಶ್' ಅಂತು. ಸುಮ್ಮನಿರು ಅನ್ನಾಕತ್ತೈತಿ ಅಂತ ಸುಮ್ಮನಾಗಿ ಬಂದೆ."

"ಅಯ್ಯೋ ಮಾರಾಯಾ! ಅದೇ ಸೋರೂದು! ಆ 'ಶ್ಶ್ಶ್' ಅನ್ನೂದೇ ಗಾಳಿ!"

ಹೋಗಿ ನೋಡಿದ್ರ ಹೌದು, ಹಿಂದಿನ ಎಡಗಡೆ ಗಾಲಿ ಹತ್ರ ಪೈಪು ಕೂಡಿಸಿದ ಹಿತ್ತಾಳಿ ನಟ್ಟು ಸಡಲಾಗಿತ್ತು. ಪಾನಾ ಹಚ್ಚಿ ಬಿಗಿ ಮಾಡಿದ. 'ಶ್ಶ್ಶ್' ನಿಂತಿತು. ದಸ್ತಗೀರಗ ನಗಬೇಕೋ ಬೈಬೇಕೋ ತಿಳೀಲಿಲ್ಲ, ಎರಡೂ ಮಾಡಿದ. "ಗಾಡಿ ಕೂಡ ಮಾತಾಡಬ್ಯಾಡಪಾ ಇನ್ನ. ಕಿವಿಗೆ ಕೇಳಿಸಲಾರದ ಸೋರಿಕಿನೂ ಇರ್ತೈತಿ. ಮುಂದಿನ ಸಲ ಸಬಕಾರದ ನೀರು ಹಚ್ಚು. ಗುಳ್ಳಿ ಎದ್ದಲ್ಲೆ ಸುಣ್ಣದ ಕಡ್ಡಿಲೆ ಗುರುತು ಮಾಡು. ತಿಳೀತೇನು?"

"ತಿಳೀತು ಚಾಚಾ. ಗುಳ್ಳಿ ಎದ್ದಲ್ಲೆ ಗುರುತು."

ಅಲ್ಲಿಂದ ಹೊಂಟ್ರು. ಕಲಘಟಗಿ ದಾಟಿ ಒಂದು ಧಾಬಾದ ಮುಂದ ಊಟಕ್ಕ ನಿಂತ್ರು. ಉಂಡ ಮ್ಯಾಲ ದಸ್ತಗೀರ, "ನಾ ಒಂದು ಗಳಿಗಿ ಅಡ್ಡಾಗ್ತೀನಿ. ನೀ ಸಬಕಾರದ ನೀರು ಹಚ್ಚಿ ಇಡು" ಅಂತ ಹೇಳಿ ಹಗ್ಗದ ಮಂಚದ ಮ್ಯಾಲ ಮಲಗಿದ.

ಅಡಿವೆಪ್ಪ ಬಕೆಟಿನಾಗ ನೀರು ತುಂಬಿದ, ಸಬಕಾರ ತಿಕ್ಕಿದ. ಎರಡೂ ಕೈಲೆ ಕಡದ, ಕಡದ, ಮಜ್ಜಿಗಿ ಕಡದಂಗ ಕಡದ. ಬಕೆಟಿನ ಮ್ಯಾಲ ಬೆಳ್ಳಗ ನೊರಿ ಗುಡ್ಡ ಎದ್ದಿತು. ಅದನ್ನ ತಂದು ಗಾಡಿಗೆ ಹಚ್ಚಿದ. ಎಲ್ಲಿ ನೋಡಿದ್ರೂ ಗುಳ್ಳಿ! ಪೈಪಿನ ಮ್ಯಾಲ ಗುಳ್ಳಿ, ಟ್ಯಾಂಕಿ ಮ್ಯಾಲ ಗುಳ್ಳಿ, ಬಾಗಿಲ ಮ್ಯಾಲ ಗುಳ್ಳಿ. ಪಾಪ, ಗಾಡಿ ತುಂಬ ಸೋರಾಕತ್ತೈತಿ ಅಂತ ಮರುಗಿದ. ಎಲ್ಲಾ ಕಡೆ ಸುಣ್ಣದ ಗುರುತು ಹಾಕಿದ. ನೆರಳಿಗೆ ಬಂದು ಮಲಗಿದ ಧಾಬಾದ ನಾಯಿಗೆ ಒಂದಿಷ್ಟು ನೊರಿ ಸಿಡದಿತ್ತು, ಅದಕ್ಕೂ ಒಂದು ಗುರುತು ಹಾಕಿದ. ಬಕೆಟು ಇಡಾಕ ಮಂಚದ ಕಡೆ ಬಂದ.

ದಸ್ತಗೀರ ಎಚ್ಚರಾದಾಗ ಧಾಬಾದವ ಹೊಟ್ಟಿ ಹಿಡಕೊಂಡು ನಗಾಕತ್ತಿದ್ದ. ಲಾರಿ ನೋಡಿದ್ರ ಮೈಲಿ ಬ್ಯಾನಿ ಎದ್ದ ಎಮ್ಮಿ ಆಗಿತ್ತು.

"ಏನೋ ಇದು!"

"ಬಾಳ ಸೋರಾಕತ್ತೈತಿ ಚಾಚಾ" ಅಂದ ಅಡಿವೆಪ್ಪ. ಅವನ ಕಣ್ಣಾಗ ನೀರಿತ್ತು.

"ಮತ್ತ ನನ್ನ ಕುತ್ತಿಗಿ ಮ್ಯಾಲ ಏನಿದು ತಣ್ಣಗ?"

"ಅಲ್ಲೂ ಒಂದು ಗುಳ್ಳಿ ಎದ್ದೈತಿ. ಗುರುತು ಮಾಡೀನಿ."

ಬ್ಯಾಸಗಿ ಝಳಕ್ಕ ದಸ್ತಗೀರನ ಕುತ್ತಿಗಿ ಮ್ಯಾಲ ಒಂದು ಬೆವರಗುಳ್ಳಿ ಎದ್ದಿತ್ತು, ಅದರ ಸುತ್ತ ದುಂಡಗ ಬಿಳೀ ಗೆರಿ. ಧಾಬಾದವ ಮತ್ತ ನಕ್ಕ. ಈ ಸಲ ದಸ್ತಗೀರ ನಗಲಿಲ್ಲ.

"ನೊರಿ ಬ್ಯಾರೆ, ಗುಳ್ಳಿ ಬ್ಯಾರೆ! ನೀ ಎಬ್ಬಿಸಿದ್ದು ಗುಳ್ಳಿ ಅಲ್ಲ. ತಾನೇ ಏಳಬೇಕು. ಕೈಲೆ ಒರಸಿದ್ರ ಮತ್ತ ಏಳಬೇಕು. ಮತ್ತ ಒರಸಿದ್ರ ಮತ್ತ ಏಳಬೇಕು. ಅದು ಗುಳ್ಳಿ, ಅದು ಸೋರಿಕಿ! ಇರಲಿ, ಸಬಕಾರ ಬಿಡು. ನಿನಗ ಹಗರ ಕೆಲಸ ಹೇಳ್ತೀನಿ. ಗಾಳಿ ಸಂಗಾಟ ನೀರಿನ ಪಸಿ ಬಂದು ಟ್ಯಾಂಕಿ ತಳಕ್ಕ ಕುಂಡರ್ತೈತಿ. ಹಂಗೇ ಬಿಟ್ರ ಬ್ರೇಕಿನ ಸಾಮಾನೆಲ್ಲಾ ಜಂಗ ಹಿಡೀತಾವು. ನಾಳೆ ಮುಂಜಾನೆ ಎದ್ದ ಕೂಡಲೆ, ಟ್ಯಾಂಕಿ ತಳದಾಗ ಸಣ್ಣ ನಳದಂಥಾ ಒಂದು ಕಾಕು ಇರ್ತೈತಿ, ಅದನ್ನ ತಿರುವಿ ನೀರೆಲ್ಲಾ ಹೊರಗ ಬಿಡು. ಒಂದು ಹನಿ ಉಳೀಬಾರದು."

"ಒಂದು ಹನಿ ಉಳಿಯಂಗಿಲ್ಲ ಚಾಚಾ."

ಗಾಡಿ ತೊಳಿಯೂದ್ರಾಗ ಕತ್ತಲಾಗಿ, ರಾತ್ರಿ ಒಂದು ಪೆಟ್ರೋಲ್ ಬಂಕಿನಾಗ ಉಳದ್ರು. ಮರುದಿನ ಮುಂಜಾನೆ ದಸ್ತಗೀರ ಅಲ್ಲೇ ಹಿಂದ ಬಚ್ಚಲಕ್ಕ ಹೋಗಿ, ತಲಿಗೆ ಸಬಕಾರ ಹಚ್ಚಿ, ಕಣ್ಣು ಮುಚ್ಚಿ ನಳದ ಕೆಳಗ ಕುಂತ. ನಳ 'ಗೊರ್ ಗೊರ್' ಅಂತು, ಆಮ್ಯಾಲ 'ಫುಸ್' ಅಂತು, ಆಮ್ಯಾಲ ಏನೂ ಅನ್ನಲಿಲ್ಲ.

"ಯಾರ್ರಿ ಅಲ್ಲೆ? ನೀರು ಬಿಡ್ರೀ!" ಅಂತ ಒದರಿದ.

"ಬಿಟ್ಟೀನಿ ಚಾಚಾ!" ಅಂತ ಮ್ಯಾಲಿಂದ ದನಿ ಬಂತು. "ಎಲ್ಲಾ ಬಿಟ್ಟೀನಿ! ಒಂದು ಹನಿ ಉಳಿದಿಲ್ಲ!"

ಮಾಳಿಗಿ ಮ್ಯಾಲ ಬಂಕಿನ ದೊಡ್ಡ ಕರಿ ಟ್ಯಾಂಕಿ. ಅದರ ತಳದಾಗೂ ಒಂದು ಕಾಕು ಇತ್ತಲ್ಲ! ಅಡಿವೆಪ್ಪ ಅದನ್ನ ತಿರುವಿ, ನೀರೆಲ್ಲಾ ಹರದು ಹೋಗೂತನಕ ಮಗ್ಗಲಕ್ಕ ಕುಂತು ಕಾದಿದ್ದ. ಬಂಕಿನ ಅಂಗಳ ಕೆರಿ ಆಗಿತ್ತು. ಬಂಕಿನ ಮ್ಯಾನೇಜರು ಪ್ಯಾಂಟು ಮ್ಯಾಲ ಎತ್ತಿಕೊಂಡು ನೀರಾಗ ನಿಂತು ಬೈಯಾಕತ್ತಿದ್ದ. ದಸ್ತಗೀರ ತಲಿ ತುಂಬ ನೊರಿ ಹೊತ್ತುಕೊಂಡು, ಟವೆಲ್ಲು ಸುತ್ತಿಕೊಂಡು, ಕೈ ಮುಗದು ಎಲ್ಲಾರಿಗೂ ತಪ್ಪಾತು ತಪ್ಪಾತು ಅಂದ. ಮತ್ತ ಲಾರಿ ಕೆಳಗ ತಾನೇ ನುಸುಳಿ ಗಾಳಿ ಟ್ಯಾಂಕಿ ಕಾಕು ತಿರುವಿದ. ಒಂದು ಲೋಟ ಕೆಸರ ನೀರು ಬಿತ್ತು.

"ನೋಡು, ಇದು! ಇಷ್ಟೇ! ನಮ್ಮ ಗಾಡಿದು! ಜಗತ್ತಿನ ಟ್ಯಾಂಕಿ ಎಲ್ಲಾ ನಮ್ಮವಲ್ಲೋ!" ಕಣ್ಣಾಗ ಸಬಕಾರ ಹೋಗಿ ಉರಿ ಎದ್ದಿತ್ತು. "ಇನ್ನ ಮ್ಯಾಲ ಗಾಡಿ ಬಿಟ್ಟು ಒಂದು ಹೆಜ್ಜಿ ಆಚೆ ಹೋಗಬ್ಯಾಡ. ನಾ ತುಳಿ ಅಂದ್ರ ಪೆಡಲ್ ತುಳಿ. ಬಿಡು ಅನ್ನೂತನಕ ಬಿಡಬ್ಯಾಡ. ಬ್ಯಾರೆ ಏನೂ ಮಾಡಬ್ಯಾಡ ನೀ!"

"ಹೂಂ ಚಾಚಾ."

ಅಡಿವೆಪ್ಪನ ಮಾರಿ ಸಣ್ಣಗಾತು. ಅವಗ ತಾ ತಪ್ಪು ಮಾಡೀನಿ ಅನ್ನೂದು ಗೊತ್ತಾಗ್ತಿತ್ತು. ಎಲ್ಲಿ ಮಾಡೀನಿ ಅನ್ನೂದು ಮಾತ್ರ ಗೊತ್ತಾಗ್ತಿರಲಿಲ್ಲ. ಹೇಳಿದ್ದೇ ಮಾಡೀನಲ್ಲ ಅಂತ ಹೊರಳಿ ಹೊರಳಿ ವಿಚಾರ ಮಾಡ್ತಿದ್ದ. ದಾರಿ ತುಂಬ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ದ. ದಸ್ತಗೀರ ವಾರಿಗಣ್ಣಿಲೆ ನೋಡಿ, ಒಂದು ಶೇಂಗಾ ಚಿಕ್ಕಿ ತಗದು ಅವನ ಅಂಗೈಯಾಗ ಇಟ್ಟ.

ಯಲ್ಲಾಪುರ ಸಮೀಪ ಬಂದಾಗ ದಸ್ತಗೀರಗ ಯಾಕೋ ಅನುಮಾನ ಬಂತು. ಬ್ರೇಕ ಹಿಡದಾಗೆಲ್ಲಾ ಮುಳ್ಳು ಒಂದು ಕೂದಲಷ್ಟು ಹೆಚ್ಚಿಗೆ ಇಳಿಯಾಕತ್ತಿತ್ತು. ಒಂದು ಚಾದಂಗಡಿ ಮುಂದ, ಸಪಾಟ ಜಾಗಾದಾಗ ಗಾಡಿ ನಿಲ್ಲಿಸಿ ಎಂಜಿನ್ನು ಬಂದ್ ಮಾಡಿದ.

"ಕೆಲವು ಸೋರಿಕಿ ಕಳ್ಳರಿದ್ದಂಗ. ಪೆಡಲ್ ತುಳದಾಗ ಮಾತ್ರ ಹೊರಗ ಬರ್ತಾವು. ನೀ ಇಲ್ಲಿ ಕುಂತು ತುಳಿ. ನಾ ಕೆಳಗ ಹೋಗಿ ಕಿವಿಗೊಡ್ತೀನಿ. ಹಾಂ, ತುಳಿ!"

ಅಡಿವೆಪ್ಪ ತುಳದ.

ದಸ್ತಗೀರ ಕೆಳಗ ಬಗ್ಗಿದ್ದನೋ ಇಲ್ಲವೋ, ಜೇಬಿನಾಗ ಫೋನು ಹೊಡಕೊಂಡಿತು. ಚಪ್ಪಡಿ ಇಳಿಸಿಕೊಳ್ಳೂ ಸೇಟು. ಎಲ್ಲಿದ್ದೀರಿ, ಯಾವಾಗ ಬರ್ತೀರಿ, ಹಮಾಲರು ಕಾಯಾಕತ್ತಾರ ಅಂತ ಒಂದೇ ಸಮನ ರಗಳಿ. ಮಾತಾಡಿಕೋತ ಮಾತಾಡಿಕೋತ ದಸ್ತಗೀರ ಚಾದಂಗಡಿಗೆ ಹೋದ. ಚಾ ಕುಡದ. ಅಲ್ಲಿ ಹಳೇ ಗೆಳ್ಯಾ ಒಬ್ಬ ಸಿಕ್ಕ. ಮತ್ತೊಂದು ಚಾ ಕುಡದ. ಮಾತು ಬೆಳೀತು.

ಎರಡು ತಾಸಾದ ಮ್ಯಾಲ ಬಂದು ಬಾಗಿಲ ತೆಗೀತಾನ, ಅಡಿವೆಪ್ಪ ಬೆವರಿನಾಗ ತೊಯ್ದು ಹೋಗ್ಯಾನ! ಬಲಗಾಲು ಗಡಗಡ ನಡಗಾಕತ್ತೈತಿ. ಹಲ್ಲು ಕಚ್ಚಿಕೊಂಡು ಎರಡೂ ಕೈಲೆ ಮೊಣಕಾಲು ಒತ್ತಿ ಹಿಡದಾನ. ನೊಣ ಬಂದು ಮೂಗಿನ ಮ್ಯಾಲ ಕುಂತೈತಿ, ಅದನ್ನ ಹೊಡಕೊಳ್ಳಾಕ ಕೈ ಬಿಟ್ಟಿಲ್ಲ.

"ಯಾ ಅಲ್ಲಾ! ಇನ್ನೂ ತುಳದೀಯೇನೋ!"

"ನೀವು... ಬಿಡು... ಅನ್ನಲಿಲ್ಲ ಚಾಚಾ."

"ಬಿಡು! ಬಿಡೋ! ಬಿಟ್ಟುಬಿಡಪಾ!"

ಅಡಿವೆಪ್ಪ ಬಿಟ್ಟ. ಬಿಟ್ಟ ಕಾಲು ನೆಲಕ್ಕ ಊರಾಕ ಬರಲಿಲ್ಲ. ದಸ್ತಗೀರ ಅವನ ಕಾಲು ತನ್ನ ತೊಡಿ ಮ್ಯಾಲ ಇಟ್ಟುಕೊಂಡು ತಿಕ್ಕಿದ. ತಿಕ್ಕಿಕೋತ ಮುಳ್ಳಿನ ಕಡೆ ನೋಡಿದ್ರ ಅದು ಇಳದು ಇಳದು ಕೆಂಪು ಪಟ್ಟಿಯೊಳಗ ಬಿದ್ದಿತ್ತು.

"ಇದು ಹಿಂಗ ಇಳಿಯೂದು ನೋಡಿದಿ, ಒಂದು ಕೂಗು ಹಾಕಬಾರದೇನು?"

"ತುಳಿ ಅಂದ್ರಿ. ಬ್ಯಾರೆ ಏನೂ ಮಾಡಬ್ಯಾಡ ಅಂದ್ರಿ."

ದಸ್ತಗೀರಗ ಅವನ ಮ್ಯಾಲೂ ಸಿಟ್ಟು, ತನ್ನ ಮ್ಯಾಲೂ ಸಿಟ್ಟು. ಮತ್ತೊಮ್ಮೆ ಹುಡುಕೂದೋ ಬ್ಯಾಡೋ ಅಂತ ಗಡಿಯಾರ ನೋಡಿದ. ಸೇಟು ಹೇಳಿದ ಹೊತ್ತು ಮೀರಿತ್ತು. ಎರಡು ತಾಸು ತುಳದ್ರ ಹೊಸಾ ಗಾಡಿನೂ ಇಳೀತೈತಿ ಅಂತ ತನಗ ತಾನೇ ಸಮಾಧಾನ ಹೇಳಿಕೊಂಡ. ಎಂಜಿನ್ನು ಚಾಲೂ ಮಾಡಿ ಗಾಳಿ ತುಂಬಿಸಿಕೋತ ಕಡೀ ಪಾಠ ಹೇಳಿದ.

"ತಲ್ಯಾಗ ಇಟ್ಟುಕೋ. ಮುಂದ ಘಟ್ಟ ಬರ್ತೈತಿ. ಈ ಮುಳ್ಳು ಕೆಂಪಿಗೆ ಬಂದ್ರ ಗಾಡಿ ಘಟ್ಟ ಇಳಸಂಗಿಲ್ಲ. ಗಾಲಿಗೆ ಕಲ್ಲು ಕೊಟ್ಟು ಕುಂಡರೂದು. ಯಾರು ಹೇಳಿದ್ರೂ ಇಳಸಂಗಿಲ್ಲ!"

"ಯಾರು ಹೇಳಿದ್ರೂ ಇಳಸಂಗಿಲ್ಲ" ಅಂದ ಅಡಿವೆಪ್ಪ.

ಘಟ್ಟದ ನೆತ್ತಿಗೆ ಬಂದಾಗ ಮುಂದ ಗಾಡಿ ಸಾಲು ನಿಂತಿತ್ತು. ಕೆಳಗ ತಿರುವಿನಾಗ ಒಂದು ಟ್ಯಾಂಕರು ಕೆಟ್ಟು ನಿಂತೈತಿ ಅಂದ್ರು. ಸಾಲು ಒಂದು ಮಾರು ಸರೀತಿತ್ತು, ನಿಲ್ತಿತ್ತು. ಮತ್ತೊಂದು ಮಾರು ಸರೀತಿತ್ತು, ನಿಲ್ತಿತ್ತು. ದಸ್ತಗೀರ ಬ್ರೇಕ ಹಿಡದ, ಬಿಟ್ಟ, ಹಿಡದ, ಬಿಟ್ಟ. ಮುಳ್ಳು ಇಳೀತು, ಇಳೀತು, ಕೆಂಪು ಪಟ್ಟಿಗೆ ಮುಟ್ಟಿತು. 'ಪೀಂ' ಅಂತ ಬಜರು ಹೊಡೀತು.

ಅಡಿವೆಪ್ಪ ಬಾಗಿಲ ತೆಗದು ಇಳದೇ ಬಿಟ್ಟ. ರಸ್ತೆ ಬದಿಯಿಂದ ನಾಕು ದೊಡ್ಡ ಕಲ್ಲು ಹೊತ್ತು ತಂದು ಗಾಲಿಗಳಿಗೆ ಕೊಟ್ಟ. ಮುಂದಿನ ಗಾಲಿ ಮುಂದ ತಾನೇ ಚಕ್ಕಳಮಕ್ಕಳ ಹಾಕಿ ಕುಂತ.

ಅಷ್ಟೊತ್ತಿಗೆ ಟ್ಯಾಂಕರು ಸರೀತು. ಸಾಲು ಹರೀತು. ದಸ್ತಗೀರ ಎಂಜಿನ್ನು ಜೋರು ಮಾಡಿದ, ಮುಳ್ಳು ಮತ್ತ ಏಳಕ್ಕ ಏರಿತು.

"ಕಲ್ಲು ತಗಿ! ಹತ್ತು ಮ್ಯಾಲ! ಮುಳ್ಳು ಏರೇತಿ!"

"ಕೆಂಪಿಗೆ ಬಂದಿತ್ತು ಚಾಚಾ."

"ಬಂದಿತ್ತು, ಈಗ ಹೋತು!"

"ಬಂದ್ರ ಇಳಸಂಗಿಲ್ಲ ಅಂದ್ರಿ. ಹೋದ್ರ ಇಳಸಬಹುದು ಅನ್ನಲಿಲ್ಲ."

ಹಿಂದಿನ ಗಾಡಿಯವರು ಹಾರನ್ ಬಾರಿಸಾಕತ್ತಿದ್ರು. ಒಬ್ಬ ಇಳದು ಬಂದು ಬೈದ. ಮತ್ತೊಬ್ಬ, "ಎತ್ತಿ ಒಗೀರಿ ಅವನ್ನ!" ಅಂದ. ಇಬ್ಬರು ರಟ್ಟಿ ಹಿಡದು ಎಳದ್ರು. ಅಡಿವೆಪ್ಪ ಎರಡೂ ಕೈಲೆ ಗಾಲಿ ತಬ್ಬಿಕೊಂಡ. ಅಂಗಿ ಹರೀತು, ಅವ ಬಿಡಲಿಲ್ಲ.

ದಸ್ತಗೀರಗ ತಡಕೊಳ್ಳಾಕ ಆಗಲಿಲ್ಲ. ಇಳದು ಬಂದು ಕೈ ಎತ್ತಿದ. "ಯಾರಲೇ ನಿನಗ ಹೇಳಿದ್ದು ಇಳಸಬ್ಯಾಡ ಅಂತ?"

"ನೀವೇ ಚಾಚಾ."

"ನಾನೇ ಈಗ ಹೇಳಾಕತ್ತೀನಿ, ಇಳಸೂನು ಅಂತ!"

"ಯಾರು ಹೇಳಿದ್ರೂ ಬ್ಯಾಡ ಅಂದ್ರಿ" ಅಂದ ಅಡಿವೆಪ್ಪ. ಹೊಡೀತಾರ ಅಂತ ಕಣ್ಣು ಮುಚ್ಚಿದ್ದ. "ನೀವೂ ಯಾರೋ ಒಬ್ಬರಲ್ಲೇನು ಚಾಚಾ?"

ದಸ್ತಗೀರನ ಕೈ ಹಂಗೇ ನಿಂತಿತು. ಇಳೀತು. ಅವನ ಮಗ್ಗಲಕ್ಕ ಮೊಣಕಾಲೂರಿ ಕುಂತು, ಕೂಸಿಗೆ ಹೇಳಿದಂಗ ಹೇಳಿದ. "ಆತಪಾ. ಒಮ್ಮೆ ನೋಡೇ ಬಿಡೂನು. ನಾ ಪೆಡಲ್ ತುಳೀತೀನಿ. ನೀ ಪೈಪಿಗೆಲ್ಲಾ ಸಬಕಾರದ ನೀರು ಸವರು. ಕಡೀಬ್ಯಾಡ, ಸವರು. ಏನೂ ಇಲ್ಲ ಅಂದ್ರ ನಾವು ಹೋಗೂನು. ಸೈ ಏನು?"

"ಸೈ ಚಾಚಾ."

ದಸ್ತಗೀರ ಎಂಜಿನ್ನು ಬಂದ್ ಮಾಡಿ ತುಳದ. ಅಡಿವೆಪ್ಪ ಬಟ್ಟಿ ತೋಯಿಸಿಕೊಂಡು ಒಂದೊಂದೇ ಪೈಪು ಸವರಿಕೋತ ಹೋದ. ಮುಂದ ಏನೂ ಇಲ್ಲ. ನಡುವ ಏನೂ ಇಲ್ಲ. ಹಿಂದಿನ ಅಚ್ಚಿನ ಹತ್ರ ಒಂದು ರಬ್ಬರ ಪೈಪು ಗಾಡಿ ಬುಡದ ಚಾಸಿ ಕಬ್ಬಿಣದ ಹಿಂದ ಹೊಕ್ಕಿತ್ತು. ಅಲ್ಲಿ ಸವರಿದ. ಸಣ್ಣದೊಂದು ಗುಳ್ಳಿ ತಾನೇ ಎದ್ದಿತು, ದೊಡ್ಡದಾತು, ಒಡೀತು.

"ಚಾಚಾ, ಗುಳ್ಳಿ ಬಂತು!"

"ಒರಸು!" ಅಂತ ಹಿಂದಿನ ಗಾಡಿಯವ ನಕ್ಕ.

"ಒರಸಿದೆ. ಮತ್ತ ಬಂತು. ಒರಸಿದೆ. ಮತ್ತ ಬಂತು. ಚಾಚಾ, ಒರಸಿದೆ, ಮತ್ತ ಬಂತು!"

ದಸ್ತಗೀರ ಇಳದು ಕೆಳಗ ನುಸುಳಿದ. ಕೈಯಾಡಿಸಿ ಆ ಪೈಪು ಹಿಡದು ತಿರುವಿ ನೋಡಿದ. ಮ್ಯಾಲಿಂದ ನೋಡಿದ್ರ ನೆಟ್ಟಗಿತ್ತು. ಹಿಂದಿನ ಮಗ್ಗಲಾ ಕಬ್ಬಿಣಕ್ಕ ತಿಕ್ಕಿ ತಿಕ್ಕಿ ರಬ್ಬರೆಲ್ಲಾ ಸವದು, ಒಳಗಿನ ನೂಲು ಹೊರಗ ಬಂದಿತ್ತು. ಹೊರಗ ಬಂದು, ಬೈಯಾಕತ್ತಿದ್ದ ಆ ಡ್ರೈವರಗೇ ಹೇಳಿದ, "ಅಣ್ಣಾ, ಒಂದು ಸಲ ಹತ್ತಿ ಗಟ್ಟಿ ತುಳಿ."

ಅವ ಹತ್ತಿ ತುಳದ.

'ಢಬ್!'

ಧೂಳು ಎದ್ದಿತು. ಗಿಡದಾಗಿನ ಹಕ್ಕಿ ಹಾರಿದ್ವು. ಪೈಪು ಒಡದು ಎರಡು ತುಂಡಾಗಿ ಜೋತು ಬಿತ್ತು, ಗಾಳಿ 'ಶ್ಶೋ' ಅಂತ ಹೊರಗ ಹೋತು.

ಆಮ್ಯಾಲ ಯಾರೂ ಹಾರನ್ ಬಾರಿಸಲಿಲ್ಲ. ಎಲ್ಲಾರೂ ರಸ್ತೆ ಕಡೆ ನೋಡಿದ್ರು. ಅಲ್ಲಿಂದ ಐವತ್ತು ಮಾರು ಮುಂದ ರಸ್ತೆ ಬಲಕ್ಕ ತಿರುಗಿ, ಕೆಳಗ ಕೆಳಗ ಇಳದು ಹೋಗಿತ್ತು. ಎಡಕ್ಕ ಬರೇ ಪ್ರಪಾತ. ಹದಿನಾರು ಟನ್ ಚಪ್ಪಡಿ ಹೊತ್ತು, ಮೂರನೇ ತಿರುವಿನಾಗ ಈ ಪೈಪು ಒಡದಿದ್ರ?

ದಸ್ತಗೀರ ರಸ್ತೆ ಮ್ಯಾಲೇ ಕುಂತ. ಅಡಿವೆಪ್ಪ ಓಡಿ ಬಂದು ಅವನ ಎದುರಿಗೆ ಕುಂತ. "ಚಾಚಾ, ನಾ ಏನೂ ಮಾಡಿಲ್ಲ! ಬರೇ ಸವರೀನಿ. ನಾ ಒಡದಿಲ್ಲ ಚಾಚಾ!"

"ಇಲ್ಲಪಾ" ಅಂದ ದಸ್ತಗೀರ. ಅವನ ಹರದ ಅಂಗಿ ಎಳದು ಎಳದು ಸರಿ ಮಾಡಿದ. "ನೀ ಏನೂ ಒಡದಿಲ್ಲ."

ಬೈದವರೇ ಸೇರಿಕೊಂಡ್ರು. ಒಬ್ಬ ತನ್ನ ಗಾಡಿಯಿಂದ ಹೊಸಾ ಪೈಪು ಕೊಟ್ಟ, ಇಬ್ಬರು ಕೂಡಿ ಹಾಕಿ, ಕಬ್ಬಿಣಕ್ಕ ತಾಗದಂಗ ಕಟ್ಟಿದ್ರು. ಗಾಳಿ ತುಂಬಿದ್ರು. ತುಳದು ನೋಡಿದ್ರು. ಸಬಕಾರ ಸವರಿ ನೋಡಿದ್ರು. ಗುಳ್ಳಿ ಏಳಲಿಲ್ಲ. ಆವಾಗ ದಸ್ತಗೀರ ಎಲ್ಲಾರ ಮುಂದ ಅಡಿವೆಪ್ಪನ ಕಡೆ ತಿರುಗಿ, "ನಾ ಹೇಳಿದ ಮಾತು ನಾನೇ ವಾಪಸ್ ತಗೋತೀನಿ. ಈಗ ಇಳಸೂನೇನು?" ಅಂತ ಕೇಳಿದ. ಅಡಿವೆಪ್ಪ ಕಲ್ಲು ತಗದು, ಒಂದೊಂದೂ ಹೊತ್ತು, ಎಲ್ಲೆಲ್ಲಿಂದ ತಂದಿದ್ದನೋ ಅಲ್ಲೇ ಇಟ್ಟು ಬಂದ.

ಘಟ್ಟ ಇಳಿಯೂತನಕ ದಸ್ತಗೀರ ಒಂದೊಂದು ತಿರುವು ದಾಟಿದಾಗೊಮ್ಮೆ ಎಡಗೈ ಚಾಚಿ ಅಡಿವೆಪ್ಪನ ಮೊಣಕಾಲು ಮುಟ್ಟಿ ನೋಡ್ತಿದ್ದ.

ಐದನೇ ದಿನ ಮಧ್ಯಾಹ್ನ ಲಾರಿ ಬಯಲಿಗೆ ಬಂತು. ಸಾವಂತ್ರೆವ್ವ ಹಿಟ್ಟಿನ ಕೈಲೇ ಹೊರಗ ಓಡಿ ಬಂದ್ಲು.

"ಏನೇನು ಮಾಡಿದ ದಸ್ತಗೀರಣ್ಣಾ? ಬಾಳ ಕಾಡಿದನೇನು?"

"ಕಾಡಿದ. ಬಂಕು ಮುಳಗಿಸಿದ. ನನ್ನ ಕುತ್ತಿಗಿಗೆ ಸುಣ್ಣ ಬಳದ. ಆಮ್ಯಾಲ ನನ್ನ ಜೀವ ಉಳಿಸಿದ."

"ಯಾರು?"

"ನಿನ್ನ ಮಗ."

"ಯಾವ ಮಗ?" ಅಂದ್ಲು ಸಾವಂತ್ರೆವ್ವ. ಅಕಿಗೆ ತಿಳೀಲೇ ಇಲ್ಲ.

ದಸ್ತಗೀರ ಕುಂತು ಎಲ್ಲಾ ಹೇಳಿದ. ಕೇಳಿಕೋತ ಕೇಳಿಕೋತ ಅಕಿ ಕೈಯಾಗಿನ ಹಿಟ್ಟು ಒಣಗಿ ಉದುರಿತು. ಹೊಂಟು ನಿಂತಾಗ ದಸ್ತಗೀರ ಅಡಿವೆಪ್ಪನ್ನ ಲಾರಿ ಮರಿಗೆ ಕರದು, ಹೆಗಲ ಮ್ಯಾಲ ಕೈ ಇಟ್ಟ.

"ಸೋಮವಾರ ಮತ್ತ ಬರ್ತೀನಿ, ತಯಾರಿರು. ಅಲ್ಲೀತನಕ ಒಂದೇ ಕೆಲಸ. ನಿಮ್ಮವ್ವ ದಣದಾಳ. ಅಕೀನ ಕಣ್ಣಾಗ ಕಣ್ಣಿಟ್ಟು ನೋಡಿಕೋ."

"ಹೂಂ ಚಾಚಾ."

ಲಾರಿ ಹೋತು. ಸಾವಂತ್ರೆವ್ವ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕ ಹತ್ತಿದ್ಲು. ಅಡಿವೆಪ್ಪ ಬಂದು ಅಕಿ ಎದುರಿಗೆ ಕುಂತ. ಬಗ್ಗಿದ. ಇನ್ನೂ ಬಗ್ಗಿದ. ಹಣಿಗೆ ಹಣಿ ತಾಗೂ ಹಂಗ ಬಗ್ಗಿ, ಅವ್ವನ ಕಣ್ಣಾಗ ಕಣ್ಣಿಟ್ಟ.

"ಏನೋ? ಏನಾತೋ? ಸರಿ ಆಚೆ, ಝಳ ತಾಗೀತು!"

"ನಿನ್ನ ನೋಡಿಕೊಳ್ಳಾಕತ್ತೀನಿ ಅವ್ವಾ. ಚಾಚಾ ಹೇಳ್ಯಾರ."

ಅಕಿ ಎಡಕ್ಕ ವಾಲಿದ್ಲು, ಅವ ಎಡಕ್ಕ ವಾಲಿದ. ಅಕಿ ಬಲಕ್ಕ ವಾಲಿದ್ಲು, ಅವ ಬಲಕ್ಕ ವಾಲಿದ. ಅಕಿ ನೀರಿಗೆ ಎದ್ಲು, ಅವನೂ ಎದ್ದ. ತವಾದ ಮ್ಯಾಲ ರೊಟ್ಟಿ ಕರಕಾಗಿ ಹೊಗಿ ಎದ್ದಿತು. ಬೈಬೇಕು ಅಂತ ಅಕಿ ಬಾಯಿ ತೆರದ್ಲು, ಬೈಗಳು ಬರಲಿಲ್ಲ. ಎಷ್ಟು ವರ್ಷ ಆಗಿತ್ತು ಅಕಿ ಮಾರೀನ ಯಾರರೆ ಹಿಂಗ ನೋಡಿ! ರೊಟ್ಟಿ ತಗೋತಿದ್ರು, ಉಣ್ತಿದ್ರು, ಹೋಗ್ತಿದ್ರು. ಅಕಿ ಸುಮ್ಮನ ಕುಂತ್ಲು. ನೋಡಲಿ ಅಂತ ಕುಂತ್ಲು.

ಒಂದು ಗಳಿಗಿ ಆತು. ಅಡಿವೆಪ್ಪ ಥಟ್ಟನ ಹಿಂದ ಸರದ. ಮತ್ತ ಹತ್ತಿರ ಬಂದು ಬಗ್ಗಿ ನೋಡಿದ.

"ಅವ್ವಾ! ನಿನ್ನ ಕಣ್ಣಾಗ ಯಾರೋ ಒಬ್ಬ ಅದಾನ!"

"ಯಾರಪಾ?"

"ಯಾರೋ ಗೊತ್ತಿಲ್ಲ. ಸಣ್ಣ ಮನಿಷಾ. ದಪ್ಪ ಮೀಸಿ ಅದಾವು. ಅಂಗಿ ಹರದೈತಿ." ಅಡಿವೆಪ್ಪ ದನಿ ತಗ್ಗಿಸಿದ. "ಚಲೋ ಮನಿಷಾ ಇದ್ದಂಗ ಕಾಣ್ತಾನವ್ವಾ."

ಸಾವಂತ್ರೆವ್ವ ಅವನ ಹರದ ಅಂಗಿ ಮುಟ್ಟಿದ್ಲು. "ಹೌದಪಾ" ಅಂದ್ಲು. "ಬಾಳ ಚಲೋ ಮನಿಷಾ."

"ಉಂಡಾನೋ ಇಲ್ಲೋ?"

"ಇಲ್ಲ, ಇನ್ನೂ ಉಂಡಿಲ್ಲ."

"ಅವಗೂ ಒಂದು ರೊಟ್ಟಿ ಹಾಕವ್ವಾ, ಪಾಪ."

ಅಕಿ ಎರಡು ರೊಟ್ಟಿ ಬಡದ್ಲು. ಎರಡು ತಾಟಿನಾಗ ಇಟ್ಲು, ಎರಡಕ್ಕೂ ಪಲ್ಯ ಹಾಕಿದ್ಲು, ಎರಡಕ್ಕೂ ಉಳ್ಳಾಗಡ್ಡಿ ಒಡದು ಇಟ್ಲು. ಅಡಿವೆಪ್ಪ ಕಾದ. ಆ ಮನಿಷಾ ಉಣ್ಣಾಕ ಹೊರಗ ಬರಲಿಲ್ಲ.

"ಅವ ನಾಚಿಕಿ ಸ್ವಭಾವದವ" ಅಂದ್ಲು ಅವ್ವ. "ಅವನ ಪಾಲೂ ನೀನೇ ಉಣ್ಣು. ಅವಗ ಮುಟ್ಟತೈತಿ."

ಅಡಿವೆಪ್ಪಗ ಅದು ಪೂರಾ ನಂಬಿಕಿ ಆಗಲಿಲ್ಲ. ಒಂದು ತುತ್ತು ಬಾಯಾಗ ಇಟ್ಟುಕೊಂಡು, ಅಗಿದುಕೋತ, ಮತ್ತ ಅವ್ವನ ಕಣ್ಣಾಗ ಬಗ್ಗಿ ನೋಡಿದ. ನೋಡಿದವನ ಮಾರಿ ತುಂಬ ಬೆಳಕಾತು.

"ಖರೇ ಅವ್ವಾ!" ಅಂದ. "ಅವನೂ ಅಗಿಯಾಕತ್ತಾನ!"